ಆರ್ವಿಡ್ ಗುಂಡು ಒತ್ತಿದ್ದು

ಆರ್ವಿಡ್ ಲೋಕನ್‌ನ ಫಜೀತಿಗೆಲ್ಲ ಮೂಲ ಹೆಬ್ಬೆರಳಿನಷ್ಟು ದಪ್ಪದ ಒಂದು ಉಕ್ಕಿನ ಅಚ್ಚು. ಅದರ ನಡುವಿನ ತೂತಿನೊಳಗೆ ಮೊದಲು ಬಿದ್ದದ್ದು ಅವನ ಮನಸ್ಸು. ಅದರ ಹಿಂದೆಯೇ ಹೆಂಡತಿಯ ಫ್ರೀಜರ್.

ಆರ್ವಿಡ್ ಕೆಟ್ಟವನಲ್ಲ. ಮೊಂಟಾನಾದ ಸ್ಟಂಪ್ ಕ್ರೀಕ್ ಊರಿನ ಶಾಲೆಯ ಬಸ್ಸನ್ನು ಇಷ್ಟು ವರ್ಷ ಓಡಿಸಿಯೂ ಒಂದು ಕೋಳಿಯನ್ನೂ ಸಾಯಿಸಿದವನಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ. ಚರ್ಚಿನಲ್ಲಿ ಪಾದ್ರಿಯ ಉಪದೇಶದ ಹೊತ್ತಿಗೆ ಎಲ್ಲರಂತೆ ತಾನೂ ನಿದ್ದೆ ಮಾಡುತ್ತಿದ್ದ, ಆದರೆ ಗೊರಕೆ ಹೊಡೆಯುತ್ತಿರಲಿಲ್ಲ. ಅವನಿಗಿದ್ದ ಚಟ ಒಂದೇ: ಊರಾಚೆಯ ರೈಫಲ್ ಕ್ಲಬ್ಬಿನಲ್ಲಿ ಶನಿವಾರ ಶನಿವಾರ ಗುರಿ ಇಟ್ಟು ಹೊಡೆಯುವುದು, ಕೊನೆಯವನಿಗಿಂತ ಒಂದು ಸ್ಥಾನ ಮೇಲೆ ಬರುವುದು. ಕೊನೆಯ ಸ್ಥಾನ ಡೆಲ್ಮರ್ ಹಾಬ್ಸ್‌ಗೆ ಮೀಸಲು.

ಕ್ಲಬ್ಬಿನವರೆಲ್ಲ ಅಂಗಡಿಯ ಗುಂಡು ಹೊಡೆಯುವವರು. ಮನೆಯಲ್ಲೇ ಕೂತು ತನ್ನ ಗುಂಡು ತಾನೇ ಒತ್ತಿಕೊಳ್ಳಬಹುದು ಎಂಬ ಸಂಗತಿ ತಲೆಗೆ ಹೊಕ್ಕ ದಿನದಿಂದ ಆರ್ವಿಡ್‌ಗೆ ಊಟ ರುಚಿಸಲಿಲ್ಲ. ಕರಗಿಸುವುದು ಬೇಡ, ಎರಕ ಹೊಯ್ಯುವುದು ಬೇಡ. ತಣ್ಣನೆಯ ಸೀಸದ ತುಂಡಿಗೆ ಹಿತ್ತಾಳೆಯ ಅಂಗಿ ತೊಡಿಸಿ, ಅಚ್ಚಿನೊಳಗೆ ಕೂರಿಸಿ, ಯಂತ್ರದ ಹಿಡಿಯನ್ನು ಅದುಮಿದರೆ ಗುಂಡು! ಅಂಗಿಗೂ ಅಂಗಡಿಗೆ ಹೋಗಬೇಕಿಲ್ಲ. ಚಿಕ್ಕ ಕೋವಿಯಲ್ಲಿ ಡಬ್ಬಿಗೆ ಹೊಡೆದು ಕಲಿಯುವ ಹುಡುಗರು ಮಣ್ಣಿನಲ್ಲಿ ಬಿಟ್ಟುಹೋಗುವ ಖಾಲಿ ತೋಟಾಗಳೇ ಸಾಕು. ಹಾಗಾಗಿ ಉಳಿದವರೆಲ್ಲ ಕೋವಿ ಒರೆಸಿ ಮನೆಗೆ ಹೊರಟರೆ ಆರ್ವಿಡ್ ಒಬ್ಬ ಮೇಜುಗಳ ಕೆಳಗೆ ಮಂಡಿಯೂರಿ ಮಣ್ಣು ಕೆದಕುತ್ತಿದ್ದ.

"ಏನೋ ಆರ್ವಿಡ್, ಮೊಟ್ಟೆ ಸಿಕ್ತಾ?" ಎಂದು ಕೇಳದೆ ಯಾರೂ ಹೋಗುತ್ತಿರಲಿಲ್ಲ.

ತೋಟಾ ಬಕೆಟ್‌ಗಟ್ಟಲೆ ಸೇರಿತು. ಯಂತ್ರ ಎಲ್ಲಿಂದ ತರುವುದು? ಯಂತ್ರವೂ ಅಚ್ಚುಗಳೂ ಇದ್ದದ್ದು ಊರಿಗೆಲ್ಲ ಡೆಲ್ಮರ್‌ನ ಶೆಡ್ಡಿನಲ್ಲಿ, ಹಳೆಯ ಟೈರುಗಳ ಅಡಿಯಲ್ಲಿ. ಅವನು ಅದರಲ್ಲಿ ಒಂದೇ ಒಂದು ನೆಟ್ಟಗಿನ ಗುಂಡು ಒತ್ತಿದವನಲ್ಲ. ಆರ್ವಿಡ್‌ನ ಹೆಂಡತಿ ಲವೋನ್ ತನ್ನ ಅಕ್ಕನನ್ನು ನೋಡಿಬರುತ್ತೇನೆಂದು ಬಿಲಿಂಗ್ಸ್‌ಗೆ ಹೋದ ಮರುದಿನವೇ ಡೆಲ್ಮರ್‌ನ ಫ್ರೀಜರ್ ಸುಟ್ಟುಹೋಯಿತು. ಇದು ದೈವಸಂಕಲ್ಪವೆಂದು ಆರ್ವಿಡ್‌ಗೆ ಅನ್ನಿಸಿತು. ದೈವಕ್ಕೆ ಬೇರೆ ಕೆಲಸವಿಲ್ಲವೆ ಎಂದು ಕೇಳಬೇಕಾದವಳು ಬಿಲಿಂಗ್ಸ್‌ನಲ್ಲಿದ್ದಳು.

ಹೀಗೆ ಗ್ಯಾರೇಜಿನ ಮೂಲೆಯಲ್ಲಿ ಗಡಗಡ ಸದ್ದು ಮಾಡುತ್ತಿದ್ದ ಫ್ರೀಜರ್ ಡೆಲ್ಮರ್‌ನ ಮನೆಗೆ ಹೋಯಿತು, ಯಂತ್ರ ಆರ್ವಿಡ್‌ನ ಮನೆಗೆ ಬಂತು. ಫ್ರೀಜರಿನಲ್ಲಿದ್ದ ಎಲ್ಕ್ ಜಿಂಕೆಯ ಮಾಂಸ ಪಕ್ಕದ ಮನೆಯ ಮಾರ್ಲಿಸ್‌ಳ ಫ್ರೀಜರಿಗೆ ಸೇರಿತು. "ನಮ್ಮದರಲ್ಲಿ ಹಿಮ ಗಟ್ಟಿಯಾಗಿದೆ, ಕರಗಿಸ್ತಿದ್ದೀನಿ" ಎಂದು ಆರ್ವಿಡ್ ಅವಳಿಗೆ ಹೇಳಿದ್ದ. ಆ ಎಲ್ಕ್ ಲವೋನ್ ಹೊಡೆದದ್ದು, ಒಂದೇ ಗುಂಡಿಗೆ. ಆರ್ವಿಡ್ ಅದೇ ಎಲ್ಕ್‌ಗೆ ಮೂರು ಸಲ ಹೊಡೆದು ಒಂದು ಪೈನ್ ಮರವನ್ನು ಗಾಯಗೊಳಿಸಿದ್ದ.

ಲವೋನ್ ಬರುವುದು ಬುಧವಾರ. ಅಷ್ಟರಲ್ಲಿ ಏನಾದರೊಂದು ಆಗುತ್ತದೆ ಎಂದು ಅವನು ಧೈರ್ಯವಾಗಿದ್ದ. ಶನಿವಾರ ಬೆಳಗ್ಗೆ ಅದು ಫೋನಿನ ರೂಪದಲ್ಲಿ ಆಯಿತು.

"ಆರ್ವಿಡ್, ನಾನು ಇವತ್ತೇ ಬರ್ತಿದ್ದೀನಿ."

"ಇವತ್ತಾ? ಬುಧವಾರ ಅಂದಿದ್ದೆಯಲ್ಲ?"

"ಯಾಕೆ, ಬರೋದು ಬೇಡ್ವಾ? ಸಂಜೆ ಊಟದ ಹೊತ್ತಿಗೆ ಅಲ್ಲಿರ್ತೀನಿ. ಫ್ರೀಜರಲ್ಲಿ ತಳದಲ್ಲಿ ಎಲ್ಕಿನ ದೊಡ್ಡ ತೊಡೆ ಇದೆ ನೋಡು, ತೆಗೆದು ಹೊರಗಿಡು. ಅಕ್ಕ, ಭಾವ ಇಬ್ಬರೂ ಬರ್ತಾರೆ, ಭಾವನ ಟ್ರಕ್ಕಲ್ಲಿ. ಬರ್ತಾ ನಿಂಗೊಂದು..."

ಮುಂದಿನ ಮಾತು ಆರ್ವಿಡ್‌ನ ಕಿವಿಗೆ ಬೀಳಲಿಲ್ಲ. ಅವನ ಎದೆಯಲ್ಲಿ ಅವಲಕ್ಕಿ ಕುಟ್ಟುವ ಸದ್ದು ಅಷ್ಟು ಜೋರಾಗಿತ್ತು.

ಫೋನಿಟ್ಟು ಅವನು ಗ್ಯಾರೇಜಿಗೆ ಹೋಗಿ ಖಾಲಿ ಮೂಲೆಯನ್ನು ನೋಡಿದ. ನೆಲದ ಮೇಲೆ ಫ್ರೀಜರಿನಷ್ಟೇ ಉದ್ದಗಲದ ಬಿಳಿ ಚೌಕ ಉಳಿದಿತ್ತು. ಹೆಣ ಎತ್ತಿದ ಮೇಲೆ ಉಳಿಯುವ, ಪೊಲೀಸರು ಸೀಮೆಸುಣ್ಣದಲ್ಲಿ ಎಳೆದ ಗೆರೆಯ ಹಾಗೆ.

ಆಗ ಅವನಿಗೆ ಕ್ಲಬ್ಬಿನ ವರಾಂಡ ನೆನಪಾಯಿತು. ಅವತ್ತು ಬೇಟೆ ಋತುವಿಗೆ ಮುಂಚಿನ ದೊಡ್ಡ ಪಂದ್ಯ. ಮೊದಲ ಬಹುಮಾನವನ್ನು ಒಂದು ವಾರದಿಂದ ಕೆಂಪು ರಿಬ್ಬನ್ ಕಟ್ಟಿ ವರಾಂಡದಲ್ಲಿ ನಿಲ್ಲಿಸಿದ್ದರು. ಬಿಳಿಯದು, ಹೊಚ್ಚಹೊಸದು, ಮುಚ್ಚಳದ ಮೇಲೆ ಒಂದು ಗೀರೂ ಇಲ್ಲದ್ದು. ಫ್ರೀಜರ್!

ಅಂಗಡಿಯ ಗುಂಡಿನಿಂದ ಜೀವಮಾನವಿಡೀ ಕೊನೆಯಿಂದ ಎರಡನೆಯವನಾಗಿದ್ದಾಯಿತು. ಕೈಯಾರೆ ಒತ್ತಿದ ಗುಂಡು ಮಾತ್ರ ತನ್ನನ್ನು ಕಾಪಾಡೀತು. ಆದರೆ ವಾರವಿಡೀ ಒತ್ತಿದ್ದರಲ್ಲಿ ಒಂದು ಗೋಡಂಬಿಯ ಹಾಗೆ ಸೊಟ್ಟಗಿತ್ತು, ಇನ್ನೊಂದು ಬೆಳ್ಳುಳ್ಳಿ ಎಸಳಿನ ಹಾಗೆ, ಮತ್ತೊಂದಕ್ಕೆ ಅಂಗಿಯೇ ಹರಿದು ಹೊಟ್ಟೆ ಕಾಣುತ್ತಿತ್ತು. ಕಾರಣ ಅವನಿಗೆ ಗೊತ್ತಿತ್ತು. ತೋಟಾದ ಹಿತ್ತಾಳೆ ಗಡುಸು. ಚೆನ್ನಾಗಿ ಕಾಸಿ ಮೆದುವಾಗಿಸದೆ ಅದು ಅಚ್ಚಿನ ಮಾತು ಕೇಳುವುದಿಲ್ಲ.

ಲವೋನ್‌ಳ ಓವನ್ನಿನಲ್ಲಿ ತನ್ನ ಜಿಡ್ಡನ್ನು ತಾನೇ ಸುಟ್ಟುಕೊಂಡು ಶುಚಿಯಾಗುವ ಗುಂಡಿಯೊಂದಿತ್ತು. ಅದನ್ನೊತ್ತಿದರೆ ಒಳಗೆ ನರಕದ ಕಾವು. ಆರ್ವಿಡ್ ಕೇಕಿನ ತಟ್ಟೆಯ ತುಂಬ ತೋಟಾ ಸುರಿದು ಒಳಗಿಟ್ಟು ಗುಂಡಿ ಒತ್ತಿದ. ಕಟಕ್ ಎಂದು ಬಾಗಿಲಿಗೆ ಬೀಗ ಬಿತ್ತು. ಸುಡುವ ಕೆಲಸ ಪೂರ್ತಿ ಮುಗಿಯುವ ತನಕ ಆ ಬೀಗ ಯಾರಿಗೂ ತೆರೆಯುವುದಿಲ್ಲ ಎಂಬುದನ್ನು ಅವನು ಆಮೇಲೆ ಬಾಗಿಲಿನ ಮೇಲಿದ್ದ ಸೂಚನೆಯಲ್ಲಿ ಓದಿದ. ಓವನ್ನಿನ ಮುಂದೆ ಕುರ್ಚಿ ಹಾಕಿಕೊಂಡು, ಆಸ್ಪತ್ರೆಯ ಹೆರಿಗೆ ಕೋಣೆಯ ಹೊರಗೆ ಕೂತ ಗಂಡನ ಹಾಗೆ ಕೂತ.

ಮೊದಲು ವಾಸನೆ ಬಂತು. ಆಮೇಲೆ ನೀಲಿ ಹೊಗೆ. ಅದರ ಹಿಂದೆಯೇ, ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಕಂಕುಳಲ್ಲಿ ಇರುಕಿಕೊಂಡು ಮಾರ್ಲಿಸ್.

"ಏನು ಬೇಯಿಸ್ತಿದ್ದೀಯ ಆರ್ವಿಡ್? ಟ್ರ್ಯಾಕ್ಟರ್ ಟೈರಾ?"

"ಬ್ರೆಡ್ಡು."

ಓವನ್ನಿನೊಳಗೆ ತಟ್ಟೆ ಕಾವಿಗೆ ಸೊಟ್ಟಗಾಗಿ ತೋಟಾಗಳೆಲ್ಲ ಗಣಗಣ ಉರುಳಿದವು.

"ಬ್ರೆಡ್ಡು ಗಣಗಣ ಅನ್ನುತ್ತಾ?"

"ಒಳಗೆ ಬೀಜ ಹಾಕಿದ್ದೀನಿ."

ಮಾರ್ಲಿಸ್ ಸಿಲಿಂಡರನ್ನು ನೆಲಕ್ಕಿಟ್ಟಳು. ಅವಳು ನೋಡಿದ್ದನ್ನು ಮರೆಯುವ ಹೆಂಗಸಲ್ಲ, ನೋಡದ್ದನ್ನೂ ಮರೆಯುತ್ತಿರಲಿಲ್ಲ. "ನಿನ್ನ ಫ್ರೀಜರ್ ಹಿಮ ಇನ್ನೂ ಕರಗಲಿಲ್ವಾ? ನಮ್ಮನೇದು ಮುಚ್ಚಳ ಹಾಕೋಕಾಗ್ತಿಲ್ಲ ಕಣೋ. ನಿನ್ನೆಯಿಂದ ನಿನ್ನ ಎಲ್ಕನ್ನೆಲ್ಲ ಹೊರಗೆ ತೆಗೆದಿಟ್ಟಿದ್ದೀನಿ. ಬಂದು ತಗೊಂಡು ಹೋಗು."

"ಸಂಜೆ ಬರ್ತೀನಿ. ಖಂಡಿತ ಬರ್ತೀನಿ" ಎಂದು ಅವಳನ್ನು ಬಾಗಿಲಿನ ತನಕ ಬಿಟ್ಟುಬಂದ.

ಓವನ್ ಕೊನೆಗೂ ಬೀಗ ತೆರೆಯಿತು. ತೋಟಾಗಳು ಕಪ್ಪಗೆ, ಮೆತ್ತಗೆ, ವಿಧೇಯವಾಗಿ ಹೊರಗೆ ಬಂದವು. ಆರ್ವಿಡ್ ಗ್ಯಾರೇಜಿಗೆ ಓಡಿ ಮೊದಲನೆಯದನ್ನು ಅಚ್ಚಿಗೆ ಕೊಟ್ಟು ಹಿಡಿ ಅದುಮಿದ. ಹೋಯಿತು. ವಾಪಸ್ ಎಳೆದ. ಬರಲಿಲ್ಲ. ಹಿಡಿಗೆ ಜೋತುಬಿದ್ದ. ಯಂತ್ರ, ಮೇಜು, ಆರ್ವಿಡ್ ಮೂವರೂ ಒಂದು ಮೊಳ ಮುಂದಕ್ಕೆ ಬಂದರು. ಗುಂಡು ಮಾತ್ರ ಒಳಗೇ ಕೂತಿತ್ತು, ಮಾವನ ಮನೆಗೆ ಬಂದ ಅಳಿಯನ ಹಾಗೆ.

ಅಚ್ಚಿಗೆ ಜಿಡ್ಡು ಹಚ್ಚಬೇಕು. ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡೇ ಆಗಬೇಕು, ಬೇರೆ ಎಣ್ಣೆ ಆ ಒತ್ತಡಕ್ಕೆ ಸಿಡಿದುಹೋಗುತ್ತದೆ. ಡೆಲ್ಮರ್ ಕೊಟ್ಟಿದ್ದ ಡಬ್ಬಿಯ ತಳ ಕಾಣುತ್ತಿತ್ತು. ಸ್ಟಂಪ್ ಕ್ರೀಕ್‌ನಲ್ಲಿ ಉಣ್ಣೆಜಿಡ್ಡು ಸಿಗುವುದು ಔಷಧಿ ಅಂಗಡಿಯಲ್ಲಿ ಮಾತ್ರ, ಅದೂ ಒಂದೇ ರೂಪದಲ್ಲಿ. ಕೂಸಿಗೆ ಹಾಲೂಡಿಸುವ ತಾಯಂದಿರು ಎದೆಗೆ ಹಚ್ಚಿಕೊಳ್ಳುವ ಮುಲಾಮು. ಗುಲಾಬಿ ಬಣ್ಣದ ಟ್ಯೂಬು, ಮೇಲೆ ನಗುವ ಮಗುವಿನ ಚಿತ್ರ.

ಆರ್ವಿಡ್ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು ಅಂಗಡಿಗೆ ಹೋದ. ಕೌಂಟರಿನ ಹುಡುಗಿ ಟ್ಯೂಬನ್ನೂ ಅವನನ್ನೂ ಎರಡೆರಡು ಸಲ ನೋಡಿದಳು.

"ಒಂದು ಸಾಕಾ?"

"ಎರಡು ಕೊಡಮ್ಮ. ದಿನಾ ಬೇಕಾಗುತ್ತೆ."

"ಯಾರಿಗೋ ಅದು?" ಎಂದು ಬೆನ್ನ ಹಿಂದಿನಿಂದ ದನಿ ಬಂತು. ಸಾಲಿನಲ್ಲಿ ನಿಂತಿದ್ದವಳು ಮಾರ್ಲಿಸ್. ಹೊಗೆಗೆ ತಲೆನೋವು ಬಂದು ಮಾತ್ರೆ ಕೊಳ್ಳಲು ಬಂದಿದ್ದಳು.

ಯಂತ್ರದ ಮಾತೆತ್ತಿದರೆ ಫ್ರೀಜರಿನ ಮಾತು ಬರುತ್ತದೆ. ಆರ್ವಿಡ್‌ನ ತಲೆಯೊಳಗೆ ಬಸ್ಸು ಗುಂಡಿಗೆ ಇಳಿಯಿತು. "ಲವೋನ್‌ಗೆ" ಅಂದುಬಿಟ್ಟ.

ಲವೋನ್‌ಗೆ ಐವತ್ತೊಂಬತ್ತು.

"ಲವೋನ್‌ಗಾ?" ಮಾರ್ಲಿಸ್ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಅದಕ್ಕೇ ಬಿಲಿಂಗ್ಸ್‌ಗೆ ಹೋಗಿರೋದು! ಅಲ್ಲಿ ದೊಡ್ಡ ಆಸ್ಪತ್ರೆ ಇದೆಯಲ್ಲ! ನಂಗೆ ಒಂದು ಮಾತೂ ಹೇಳಲಿಲ್ಲ ಕಳ್ಳಿ!"

"ಹಾಗಲ್ಲ ಮಾರ್ಲಿಸ್..."

"ಸುಮ್ನಿರು, ನಾಚಿಕೆ ಯಾಕೆ? ದೇವರು ಕೊಟ್ಟಿದ್ದು. ಆದ್ರೂ ಕಳ್ಳಬೆಕ್ಕಿನ ಹಾಗಿದ್ದೆಯಲ್ಲೋ ನೀನು, ಆರ್ವಿಡ್!" ಎಂದು ಅವನ ಭುಜಕ್ಕೆ ಗುದ್ದಿದಳು. ಕೌಂಟರಿನ ಹುಡುಗಿ ಎರಡು ಟ್ಯೂಬಿನ ಜೊತೆಗೆ ಒಂದು ಗಿಲಕಿಯನ್ನು ಅಂಗಡಿಯ ಕಡೆಯಿಂದ ಉಡುಗೊರೆಯಾಗಿ ಹಾಕಿಕೊಟ್ಟಳು.

ಅಲ್ಲಗಳೆಯಲು ಹೊತ್ತಿರಲಿಲ್ಲ. ಮನೆಗೆ ಬಂದವನೇ ಅಚ್ಚಿಗೆ ಮುಲಾಮು ಸವರಿದ. ಸಿಕ್ಕಿಕೊಂಡಿದ್ದ ಗುಂಡು ಪುಳಕ್ಕನೆ ಕೈಗೆ ಬಂತು. ಆಮೇಲಿನದು ಆರ್ವಿಡ್‌ನ ಬಾಳಿನಲ್ಲಿ ಹಿಂದೆಂದೂ ನಡೆಯದ ಸಂಗತಿ. ಹಿತ್ತಾಳೆಗೆ ಸೀಸ ತುಂಬಿ ಅದುಮಿದ. ಸೀಸ ಮೂಲೆಮೂಲೆಗೂ ಹಬ್ಬಿ ಕೂತಿತು. ಇನ್ನೊಂದು ಅಚ್ಚಿಗೆ ಕೊಟ್ಟು ಅದುಮಿದ; ಮೊಂಡು ಕೊಳವೆಗೆ ಚೂಪು ಮೂತಿ ಬಂತು. ಅಂಗೈಯಲ್ಲಿಟ್ಟು ನೋಡಿದ. ನುಣುಪಾಗಿ, ಭಾರವಾಗಿ, ಬೆಚ್ಚಗೆ. ಕಾಲ ಕೆಳಗಿನ ಕಸ ತನ್ನ ಕೈಯಲ್ಲಿ ಗುಂಡಾಗಿತ್ತು. ಅಷ್ಟು ಹೊತ್ತು ಅವನಿಗೆ ಫ್ರೀಜರೂ ಮರೆತುಹೋಯಿತು, ಲವೋನ್ ಕೂಡ ಮರೆತುಹೋದಳು. ನೆನಪಾದದ್ದು ಹೊರಗೆ ಯಾರದೋ ಟ್ರಕ್ಕಿನ ಹಾರ್ನ್ ಕೇಳಿದಾಗ. ಜೀವ ಬಾಯಿಗೆ ಬಂತು. ಪುಣ್ಯಕ್ಕೆ ಅದು ಕ್ಲಬ್ಬಿಗೆ ಹೊರಟಿದ್ದ ಡೆಲ್ಮರ್.

ಐದು ಹೊಡೆತಕ್ಕೆ ಐದು, ಕೈಗಾವಲಿಗೆ ಒಂದು. ಆರೂ ಗುಂಡುಗಳನ್ನು ದೊಡ್ಡ ತೋಟಾಗಳಲ್ಲಿ ಮದ್ದಿನ ಮೇಲೆ ಕೂರಿಸಿ, ಐದನ್ನು ಡಬ್ಬಿಗೂ ಒಂದನ್ನು ಜೇಬಿಗೂ ಹಾಕಿಕೊಂಡು, ಆರ್ವಿಡ್ ಹೊರಟ. ಅವನ ಮೈಯೆಲ್ಲ ಮಳೆಯಲ್ಲಿ ನೆನೆದ ಕುರಿಯ ವಾಸನೆ ಹೊಡೆಯುತ್ತಿತ್ತು.

ಕ್ಲಬ್ಬಿನಲ್ಲಿ ಅವನು ಟ್ರಕ್ಕಿನಿಂದ ಇಳಿಯುವ ಮುಂಚೆಯೇ ಸುದ್ದಿ ಇಳಿದು ಕಾಫಿ ಕುಡಿಯುತ್ತಿತ್ತು. ಒಬ್ಬೊಬ್ಬರೇ ಬಂದು ಕೈ ಕುಲುಕಿದರು.

"ಗುರಿ ಇಡೋಕೆ ಬರಲ್ಲ ಅಂತಿದ್ವಿ ನಿಂಗೆ!"

"ಗಂಡೋ ಹೆಣ್ಣೋ?"

"ಶಾಲೆ ಬಸ್ಸಿಗೆ ಗಿರಾಕಿ ಕಮ್ಮಿ ಆಗಿದೆ ಅಂತ ಹೀಗಾ ಮಾಡೋದು?"

ಆರ್ವಿಡ್ ಹಲ್ಲು ಗಿಂಜುತ್ತ, ವರಾಂಡದ ಬಿಳಿ ಫ್ರೀಜರಿನ ಮೇಲೆ ಕಣ್ಣು ನೆಟ್ಟು, ಆರನೆಯ ಮೇಜಿಗೆ ಹೋಗಿ ಕೂತ. ಏಳನೆಯ ಮೇಜಿನಲ್ಲಿ ಡೆಲ್ಮರ್ ಆಗಲೇ ಕೂತಿದ್ದ, ಮುಖ ಇಷ್ಟುದ್ದ ಮಾಡಿಕೊಂಡು.

"ಏನಾಯ್ತೋ?"

"ಬೋಲ್ಟು ಬಿಟ್ಟು ಬಂದಿದ್ದೀನಿ ಕಣಯ್ಯಾ. ಕೋವಿಯಿಂದ ಬಿಚ್ಚಿ ನಿನ್ನ ಫ್ರೀಜರ್ ಮೇಲೆ ಇಟ್ಟಿದ್ದೆ. ಅಲ್ಲೇ ಕೂತಿದೆ."

ತೋಟಾವನ್ನು ಒಳಗೆ ತಳ್ಳಿ ಸಿಡಿಸುವ ಬೋಲ್ಟಿಲ್ಲದ ಕೋವಿ ಒಲೆ ಊದುವ ಕೊಳವೆಗೆ ಸಮ. "ಮನೆಗೆ ಹೋಗಲ್ವಾ?" ಎಂದ ಆರ್ವಿಡ್.

"ಹೆಸರು ಕೊಟ್ಟಾಯ್ತು, ಹಾಳೆ ಅಂಟಿಸಿದ್ದಾಯ್ತು. ಹೇಗೂ ಕೊನೇನೇ ಬರೋದು. ಹೊಡೆದು ಬರೋದಕ್ಕಿಂತ ಹೊಡೀದೆ ಬಂದ್ರೆ ಮದ್ದಾದ್ರೂ ಉಳಿಯುತ್ತೆ" ಎಂದು ಡೆಲ್ಮರ್ ಕಾಫಿ ಹೀರಿದ.

ಪಂದ್ಯದ ಯಜಮಾನಿಕೆ ಪ್ರೆಸ್ಕಾಟ್ ಮೇಷ್ಟ್ರದ್ದು. ಊರಿನ ಅರ್ಧ ಗಂಡಸರಿಗೆ ಶಾಲೆಯಲ್ಲಿ ಲೋಹದ ಕೆಲಸ ಕಲಿಸಿ ನಿವೃತ್ತರಾದವರು. ಅಳತೆ ಕಡ್ಡಿಯನ್ನು ಈಗಲೂ ಜೇಬಿನಿಂದ ಇಳಿಸಿದವರಲ್ಲ. ಆರ್ವಿಡ್‌ನ ಡಬ್ಬಿಯಿಂದ ಒಂದನ್ನು ಎತ್ತಿ, ಗುಂಡನ್ನು ಬೆಳಕಿಗೆ ಹಿಡಿದು, ಮೂಸಿ ನೋಡಿದರು.

"ನೀನೇ ಒತ್ತಿದ್ದಾ?"

"ಹೌದು ಮೇಷ್ಟ್ರೇ."

"ಕುರಿ ವಾಸನೆ ಬರ್ತಿದೆ. ಅಂಗಡೀಲಿ ಡಬ್ಬಿಗಟ್ಟಲೆ ಸಿಗೋದನ್ನ ಮನೇಲಿ ಯಾಕಪ್ಪ ಮಾಡ್ತೀಯ?"

"ಅಂಗಡೀಲಿ ಬ್ರೆಡ್ಡೂ ಸಿಗುತ್ತೆ ಮೇಷ್ಟ್ರೇ. ಆದ್ರೂ ಮನೇಲಿ ಮಾಡಲ್ವಾ?"

"ನಿನ್ನ ಬ್ರೆಡ್ಡಿನ ವಿಷಯ ಮಾರ್ಲಿಸ್ ಹೇಳಿದಳು" ಎಂದು ಮೇಷ್ಟ್ರು ಮುಂದೆ ಹೋದರು.

ಮೊದಲು ಧ್ವಜಕ್ಕೆ ವಂದನೆ, ಆಮೇಲೆ ಪ್ರಾರ್ಥನೆ. ಪ್ರಾರ್ಥನೆಯಲ್ಲಿ ದೇವರ ಹೆಸರು ಒಂದು ಸಲ ಬಂತು, ಗಾಳಿಯ ಹೆಸರು ಮೂರು ಸಲ. ನೂರು ಗಜದಾಚೆ ಹಾಳೆಗಳು ಸಾಲಾಗಿ ನಿಂತಿದ್ದವು. ಯಾರ ಐದು ತೂತುಗಳು ಒಂದಕ್ಕೊಂದು ಹೆಚ್ಚು ಹತ್ತಿರವೋ ಅವರು ಗೆದ್ದ ಹಾಗೆ.

ಆರ್ವಿಡ್ ಕೋವಿಯ ಮೂತಿಯನ್ನು ಮರಳಿನ ಚೀಲದ ಮೇಲಿಟ್ಟು, ಮಿಲಿಮೀಟರು ಮಿಲಿಮೀಟರಾಗಿ ಸರಿಸಿ, ಕೋವಿಯ ಮೇಲಿನ ದುರ್ಬೀನಿನಲ್ಲಿ ತನ್ನ ಹಾಳೆಯ ನಡುಬಿಂದುವನ್ನು ಹಿಡಿದು ನಿಲ್ಲಿಸಿದ. ಉಸಿರು ಬಿಟ್ಟ. ಅಷ್ಟರಲ್ಲಿ ಕಿವಿಯ ಪಕ್ಕದಲ್ಲಿ ಟಣ್ ಎಂದಿತು. ಮೇಜಿನ ಮೇಲೆ ಒಂದು ದೊಡ್ಡ ತಟ್ಟೆ ಬಂದು ಕೂತಿತ್ತು.

"ತಿಂದು ಹೊಡಿ" ಎಂದಳು ಮಾರ್ಲಿಸ್. "ಇನ್ಮೇಲೆ ನಿಂಗೆ ಶಕ್ತಿ ಬೇಕು."

"ಈಗ ಬೇಡ ಮಾರ್ಲಿಸ್, ದಯವಿಟ್ಟು..."

"ಸ್ಯಾಂಡ್‌ವಿಚ್ ಕಣೋ. ನಿನ್ನದೇ ಎಲ್ಕು! ಇಂಥ ಸಮಾಚಾರ ಕೇಳಿದ ಮೇಲೆ ಸುಮ್ನೆ ಇರೋಕಾಗುತ್ತಾ? ಹೇಗೂ ಹೊರಗಿತ್ತಲ್ಲ, ತೊಡೆ ಗಿಡೆ ಎಲ್ಲ ಬೇಯಿಸಿಬಿಟ್ಟೆ. ಇಡೀ ಕ್ಲಬ್ಬಿಗೆ ನಿನ್ನ ಲೆಕ್ಕದಲ್ಲಿ ಊಟ!"

ಆರ್ವಿಡ್ ತಿರುಗಿ ನೋಡಿದ. ಇಡೀ ಕ್ಲಬ್ಬಿನ ಬಾಯಿ ಆಡುತ್ತಿತ್ತು. ಅವನ ಹೆಂಡತಿಯ ಎಲ್ಕು ಎಲ್ಲರ ದವಡೆಗಳ ನಡುವೆ ಕೊನೆಯ ಓಟ ಓಡುತ್ತಿತ್ತು.

"ಎಲ್ಲಾನೂ?"

"ಲಿವರಿನ ಒಂದು ಪೊಟ್ಟಣ ಇದೆ. ಅದನ್ನ ಲವೋನ್‌ಗೇ ಅಂತ ಇಟ್ಟಿದ್ದೀನಿ. ರಕ್ತ ಹೆಚ್ಚಾಗುತ್ತೆ."

ಈಗಂತೂ ಫ್ರೀಜರ್ ಗೆಲ್ಲದೆ ವಿಧಿಯೇ ಇರಲಿಲ್ಲ. ಮಾಂಸ ಇಲ್ಲವೆಂದು ಒಂದು ಸಲ ಬೈಸಿಕೊಳ್ಳಬಹುದು. ಮಾಂಸವೂ ಇಲ್ಲ, ಇಟ್ಟ ಪೆಟ್ಟಿಗೆಯೂ ಇಲ್ಲ ಎಂದು ಹೇಳಿ ಬದುಕಿದ ಗಂಡಸು ಮೊಂಟಾನಾದಲ್ಲಿ ಇನ್ನೂ ಹುಟ್ಟಿಲ್ಲ. ತಟ್ಟೆಗೆ ಜಾಗ ಮಾಡಲು ಮರಳಿನ ಚೀಲವನ್ನು ಒಂದು ಗೇಣು ಸರಿಸಿ, ಮತ್ತೆ ಕೂತು, ಮತ್ತೆ ದುರ್ಬೀನಿಗೆ ಕಣ್ಣಿಟ್ಟ. ಬಿಳಿ ಹಾಳೆ, ನಡುವೆ ಕಪ್ಪು ಬಿಂದು. ದುರ್ಬೀನಿನ ತುಂಬ ಅದೊಂದೇ. ಗಾಳಿ ನಿಂತಿತು. ಆರ್ವಿಡ್ ಕೋವಿಯ ಕುದುರೆ ಎಳೆದ.

ಮೊದಲನೆಯದು ಬಿಂದುವಿನ ಅಂಚಿಗೆ ಬಿತ್ತು. ಎರಡನೆಯದು ಎಲ್ಲಿ ಬಿತ್ತೆಂದು ಕಾಣಲಿಲ್ಲ. ದಿಟ್ಟಿಸಿ ನೋಡಿದರೆ ಮೊದಲಿನ ತೂತೇ ಒಂಚೂರು ದಪ್ಪಗಾಗಿತ್ತು. ಮೂರು, ನಾಲ್ಕು, ಐದು. ಐದಾದ ಮೇಲೆ ಅಲ್ಲಿದ್ದದ್ದು ಒಂದೇ ತೂತು, ಅಂಗಿಯ ಗುಂಡಿಯಷ್ಟೂ ಇಲ್ಲ. ಆರ್ವಿಡ್‌ನ ಕಣ್ಣು ಮಂಜಾಯಿತು. ತಟ್ಟೆಯಿಂದ ಒಂದು ಸ್ಯಾಂಡ್‌ವಿಚ್ ತೆಗೆದು ಕಚ್ಚಿದ. ಚೆನ್ನಾಗಿತ್ತು.

ಮೇಷ್ಟ್ರು ಹಾಳೆಗಳನ್ನು ಕಿತ್ತುಕೊಂಡು ಬಂದು, ಅಳತೆ ಕಡ್ಡಿ ಹಿಡಿದು ಒಂದೊಂದಾಗಿ ನೋಡಿದರು. ಒಂದು ಹಾಳೆಯ ಮುಂದೆ ತುಂಬಾ ಹೊತ್ತು ನಿಂತರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಅಳೆದರು.

"ಈ ಕ್ಲಬ್ಬು ಶುರುವಾದ ಮೇಲೆ ಇಂಥ ಹಾಳೆ ನಾನು ನೋಡಿಲ್ಲ" ಎಂದು ಎಲ್ಲರ ಕಡೆ ಎತ್ತಿ ಹಿಡಿದರು. ಜನ ಸಿಳ್ಳೆ ಹಾಕಿದರು. ಆರ್ವಿಡ್ ಎದ್ದು ನಿಂತು ಟೋಪಿ ತೆಗೆದ. "ಏಳನೆಯ ಮೇಜು. ಡೆಲ್ಮರ್ ಹಾಬ್ಸ್!"

ಡೆಲ್ಮರ್‌ನ ಬಾಯಲ್ಲಿದ್ದ ಕಾಫಿ ಹೊರಗೆ ಬಂತು.

"ಆರನೆಯ ಮೇಜು, ಆರ್ವಿಡ್ ಲೋಕನ್" ಎಂದು ಮೇಷ್ಟ್ರು 6 ಎಂದು ಬರೆದ ಇನ್ನೊಂದು ಹಾಳೆ ಎತ್ತಿದರು. ಅದು ಬೆಳ್ಳಗೆ, ಆಗತಾನೆ ಒಗೆದ ದುಪ್ಪಟಿಯ ಹಾಗಿತ್ತು. "ಒಂದೂ ಇಲ್ಲ."

ಆರ್ವಿಡ್ ಮೇಜನ್ನು ನೋಡಿದ. ತಟ್ಟೆಯನ್ನು ನೋಡಿದ. ಗೇಣು ಸರಿದ ಮರಳಿನ ಚೀಲವನ್ನು ನೋಡಿದ. ಇಲ್ಲಿಯ ಒಂದು ಗೇಣು ನೂರು ಗಜದಾಚೆ ಪಕ್ಕದವನ ಹಾಳೆ.

"ಮೇಷ್ಟ್ರೇ, ಅದು ನಂದು! ಆ ಗುಂಡು ನಂದು! ಡೆಲ್ಮರ್ ಹೊಡೆದೇ ಇಲ್ಲ, ಅವನ ಕೋವಿಗೆ ಬೋಲ್ಟೇ ಇಲ್ಲ!"

"ಇಲ್ಲ ಮೇಷ್ಟ್ರೇ, ನಾನು ಹೊಡೆದಿಲ್ಲ" ಎಂದು ಡೆಲ್ಮರ್ ಪ್ರಾಮಾಣಿಕವಾಗಿ ಒಪ್ಪಿಕೊಂಡ. ಒಪ್ಪಿಕೊಳ್ಳುತ್ತಲೇ ವರಾಂಡದ ಕಡೆ ಎರಡು ಹೆಜ್ಜೆ ಇಟ್ಟ.

"ಯಾರು ಹೊಡೆದರು ಅಂತ ಈ ಕ್ಲಬ್ಬಿನ ನಿಯಮ ಕೇಳಲ್ಲ" ಎಂದರು ಮೇಷ್ಟ್ರು. "ಹಾಳೆ ಯಾರದೋ ತೂತೂ ಅವರದೇ. ಹಿಂದೆ ಇದೇ ವಿಷಯಕ್ಕೆ ಅಣ್ಣತಮ್ಮಂದಿರು ಹಲ್ಲು ಉದುರಿಸಿಕೊಂಡ ಮೇಲೆ ಮಾಡಿದ್ದು. ಆ ನಿಯಮಕ್ಕೆ ಕೈ ಎತ್ತಿದವರಲ್ಲಿ ನೀನೂ ಒಬ್ಬ, ಆರ್ವಿಡ್."

ಅವನು ಎತ್ತಿದ್ದು ನಿಜ. ಆಗ ಅವನು ಅರ್ಧ ನಿದ್ದೆಯಲ್ಲಿದ್ದ.

ಡೆಲ್ಮರ್‌ನನ್ನು ಜನ ಹೆಗಲ ಮೇಲೆ ಹೊತ್ತರು. ಜೀವಮಾನವಿಡೀ ಹೊಡೆದು ಕೊನೆಗೆ ಬಂದವನು ಒಂದು ದಿನ ಹೊಡೆಯದೆ ಮೊದಲಿಗೆ ಬಂದಿದ್ದ. ಹೆಗಲಿನಿಂದ ಇಳಿದ ಮೇಲೆ ಆರ್ವಿಡ್ ಅವನನ್ನು ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋಗಿ ಎರಡೂ ಕೈ ಹಿಡಿದುಕೊಂಡ.

"ಸಂಜೆಗೆ ಲವೋನ್ ಬರ್ತಾಳೆ ಡೆಲ್ಮರ್. ನಿನ್ನ ಹತ್ರ ಈಗ ಎರಡು ಫ್ರೀಜರು. ನಮ್ಮ ಹಳೇದನ್ನ ವಾಪಸ್ ಕೊಡೋ. ನಿನ್ನ ಕಾಲಿಗೆ ಬೀಳ್ತೀನಿ."

ಡೆಲ್ಮರ್ ಗಲ್ಲ ಕೆರೆದುಕೊಂಡ. "ಕೊಡಬಹುದು. ಸ್ನೇಹಿತನಿಗೆ ಇಲ್ಲ ಅನ್ನೋಕಾಗುತ್ತಾ? ಆದ್ರೆ ನನ್ನ ಯಂತ್ರ, ಅಚ್ಚು ಎಲ್ಲ ವಾಪಸ್ ಬರಬೇಕು."

"ನಿಂಗ್ಯಾಕೋ ಅದು? ಟೈರ್ ಕೆಳಗೆ ಬಿದ್ದಿತ್ತು!"

"ಅದು ಆ ಹಾಳೆ ನೋಡೋಕೆ ಮುಂಚೆ."

ಬೇರೆ ದಾರಿಯಿರಲಿಲ್ಲ. ಆರ್ವಿಡ್ ಗ್ಯಾರೇಜಿಗೆ ಹೋಗಿ ಯಂತ್ರ ಬಿಚ್ಚಿದ. ಅಚ್ಚುಗಳನ್ನು ಒಂದೊಂದಾಗಿ ಒರೆಸಿ, ಲವೋನ್‌ಳ ಉಣ್ಣೆಯ ಕಾಲುಚೀಲದೊಳಗೆ ಇಳಿಸಿ, ಡೆಲ್ಮರ್‌ನ ಕೈಗಿಟ್ಟ. ಹೆಣ್ಣು ಒಪ್ಪಿಸಿಕೊಡುವ ತಂದೆಯ ಹಾಗೆ ಬಾಗಿಲಿನ ತನಕ ಹೋಗಿ ಬೀಳ್ಕೊಟ್ಟ. ಹಳೆಯ ಫ್ರೀಜರ್ ತನ್ನ ಬಿಳಿ ಚೌಕದೊಳಗೆ ಕೂತು ಏನೂ ಆಗಿಲ್ಲವೆಂಬಂತೆ ಗಡಗಡ ಅನ್ನತೊಡಗಿತು. ಮಾರ್ಲಿಸ್ ಕೊಟ್ಟ ಒಂದೇ ಒಂದು ಪೊಟ್ಟಣವನ್ನು ಅದರ ತಳದಲ್ಲಿಟ್ಟು ಮುಚ್ಚಳ ಹಾಕುವುದಕ್ಕೂ ಅಂಗಳದಲ್ಲಿ ಟ್ರಕ್ಕು ನಿಲ್ಲುವುದಕ್ಕೂ ಸರಿಹೋಯಿತು.

ಆರ್ವಿಡ್ ಮುಖಕ್ಕೆ ನಗು ಅಂಟಿಸಿಕೊಂಡು ಹೊರಗೆ ಬಂದ. ಟ್ರಕ್ಕಿನ ಹಿಂದುಗಡೆ ಹಗ್ಗ ಬಿಗಿದು ನಿಲ್ಲಿಸಿದ್ದ ವಸ್ತುವನ್ನು ನೋಡಿ ಆ ನಗು ಅರ್ಧಕ್ಕೇ ಹೆಪ್ಪುಗಟ್ಟಿತು. ಅದೊಂದು ಫ್ರೀಜರ್. ದೊಡ್ಡದು. ನೀಲಿಯದು.

"ಬೆಳಗ್ಗೆ ಹೇಳಿದ್ನಲ್ಲ, ನಿಂಗೊಂದು ಸಂತೋಷದ ಸಮಾಚಾರ ಇದೆ ಅಂತ?" ಲವೋನ್ ಟ್ರಕ್ಕಿನಿಂದ ಧುಮುಕಿದಳು. ಅಕ್ಕ ಭಾವ ಆಗಲೇ ಹಗ್ಗ ಬಿಚ್ಚುತ್ತಿದ್ದರು. "ಅಕ್ಕ ಚಿಕ್ಕ ಮನೆಗೆ ಹೋಗ್ತಿದ್ದಾಳೆ, ಇದಕ್ಕೆ ಅಲ್ಲಿ ಜಾಗ ಇಲ್ಲ. ಹೊಸದರ ಹಾಗೇ ಇದೆ. ನಮ್ಮ ಆ ಗಡಗಡ ಡಬ್ಬ ಇದೆಯಲ್ಲ, ಅದನ್ನ ಡೆಲ್ಮರ್‌ಗೆ ಕೊಟ್ಬಿಡು."

"ಡೆಲ್ಮರ್‌ಗಾ?"

"ಅವನದು ಸುಟ್ಟುಹೋಗಿದೆ ಅಂತ ಅವನ ಹೆಂಡತಿ ಫೋನಲ್ಲಿ ಹೇಳಿದ್ಳು. ಬದಲಿಗೆ ಆ ಗುಂಡು ಒತ್ತೋ ಯಂತ್ರ ತಗೋ. ನಂಗೇನು ಗೊತ್ತಿಲ್ವಾ? ನಿದ್ದೇಲೂ ಅದರದೇ ಕನವರಿಕೆ ನಿಂದು. ಒಂದು ದಿನ 'ಅಚ್ಚು, ಅಚ್ಚು' ಅಂದೆ, ನೆಗಡಿ ಆಗಿದೆ ಅಂದ್ಕೊಂಡು ಕಷಾಯ ಮಾಡಿಟ್ಟಿದ್ದೆ."

ಆರ್ವಿಡ್ ಒಳಗೆ ಓಡಿ ಫೋನೆತ್ತಿಕೊಂಡ.

"ಡೆಲ್ಮರ್! ಆ ಹಳೇ ಫ್ರೀಜರ್ ನೀನೇ ಇಟ್ಕೋ! ಯಂತ್ರ ವಾಪಸ್ ಕೊಡು!"

ಆ ಕಡೆ ಗಲಾಟೆಯೋ ಗಲಾಟೆ. ಇಡೀ ಕ್ಲಬ್ಬೇ ಡೆಲ್ಮರ್‌ನ ಶೆಡ್ಡಿನಲ್ಲಿ ನೆರೆದಂತಿತ್ತು. "ಏನು ಮಾತಾಡ್ತೀಯ ಆರ್ವಿಡ್? ಮೇಷ್ಟ್ರು ಹಾಳೆಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕ್ತಿದ್ದಾರೆ. ಆಗಲೇ ಎಲ್ಲರೂ ನನ್ನ ಗುಂಡು ಬೇಕು ಅಂತ ಮುಗಿಬಿದ್ದಿದ್ದಾರೆ. ಚಾಂಪಿಯನ್ ಕಣಯ್ಯಾ ನಾನೀಗ! ಎರಡಲ್ಲ, ಹತ್ತು ಫ್ರೀಜರ್ ಕೊಟ್ಟರೂ ಈ ಯಂತ್ರ ಕೊಡಲ್ಲ." ದನಿ ತಗ್ಗಿತು. "ಒಂದು ಉಪಕಾರ ಮಾಡೋ. ಹೇಗೂ ನಿಂಗೆ ಇನ್ನು ಬೇಕಾಗಲ್ಲ. ಆ ತೋಟಾ ಬಕೆಟ್ಟು, ಆ ಗುಲಾಬಿ ಮುಲಾಮು ಎರಡೂ ಕಳಿಸಿಕೊಡು. ಹಾಗೇ ಒಂದು ದಿನ ಬಂದು ಹೇಗೆ ಒತ್ತೋದು ಅಂತ ತೋರಿಸಿಕೊಡು."

ಆರ್ವಿಡ್ ಫೋನಿಟ್ಟು ಗ್ಯಾರೇಜಿಗೆ ಬಂದ. ನೀಲಿ ಫ್ರೀಜರ್ ಹಳೆಯ ಫ್ರೀಜರಿನ ಪಕ್ಕಕ್ಕೆ ಬಂದು ಕೂತು, ಕರೆಂಟನ್ನೂ ಹಾಕಿಸಿಕೊಂಡಿತ್ತು. ಲವೋನ್ ಹಳೆಯದರ ಮುಚ್ಚಳ ಎತ್ತಿ ಒಳಗೆ ಬಗ್ಗಿ ನೋಡುತ್ತಿದ್ದಳು. ಬಾವಿಗೆ ಬಿದ್ದ ಕೊಡ ಹುಡುಕುವವಳ ಹಾಗೆ ತುಂಬ ಹೊತ್ತು ನೋಡಿದಳು. ಆಮೇಲೆ ನೆಟ್ಟಗಾದಳು. ಅವಳ ಒಂದು ಕೈಯಲ್ಲಿ ತಣ್ಣಗಿನ ಪೊಟ್ಟಣವಿತ್ತು. ಇನ್ನೊಂದು ಕೈಯಲ್ಲಿ, ಯಂತ್ರವಿದ್ದ ಮೇಜಿನ ಮೇಲೆ ಸಿಕ್ಕಿದ, ಮಗು ನಗುತ್ತಿದ್ದ ಗುಲಾಬಿ ಟ್ಯೂಬು.

"ಆರ್ವಿಡ್," ಎಂದಳು ಮೆಲ್ಲಗೆ, "ನನ್ನ ಎಲ್ಕ್ ಎಲ್ಲಿ?"

ಆರ್ವಿಡ್ ಬಾಯಿ ತೆರೆದ.

"ತಾಳು. ಅದಕ್ಕಿಂತ ಮುಂಚೆ ಇದು ಹೇಳು. ಪೆಟ್ರೋಲ್ ಬಂಕಲ್ಲಿ ನಿಂತಾಗ ಮೂರು ಜನ ಬಂದು ನನ್ನ ಹೊಟ್ಟೆ ಮುಟ್ಟಿ ಅಭಿನಂದನೆ ಹೇಳಿದರಲ್ಲ, ಯಾಕೆ?"

ಆರ್ವಿಡ್ ಜೇಬಿಗೆ ಕೈ ಹಾಕಿದ. ಕೈಗಾವಲಿಗೆಂದು ಇಟ್ಟುಕೊಂಡಿದ್ದ ಆರನೆಯ ಗುಂಡು ಅಲ್ಲೇ ಇತ್ತು, ನುಣುಪಾಗಿ, ಭಾರವಾಗಿ. ಅದನ್ನು ಬೆರಳಲ್ಲಿ ಹೊರಳಿಸುತ್ತ, ಎರಡರಲ್ಲಿ ಯಾವುದಕ್ಕೆ ಮೊದಲು ಉತ್ತರ ಕೊಟ್ಟರೆ ಕಡಿಮೆ ನೋವಾದೀತೆಂದು ಯೋಚಿಸುತ್ತ ನಿಂತ. ಅವನ ಮುಂದೆ ಎರಡೂ ಫ್ರೀಜರುಗಳು ಖಾಲಿ ಹೊಟ್ಟೆಯಲ್ಲಿ ಗುರುಗುಟ್ಟುತ್ತಿದ್ದವು.